ನಿದ್ದೆ ತರುವ ಅಲರ್ಜಿ ಗುಳಿಗೆ: ನಿಮ್ಮ ಪತ್ರ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಥಂಡಿ, ನೆಗಡಿ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ಔಷಧಿ ಬಗ್ಗೆ ಇದ್ದವು. ಸೀನು ಬಂದರೆ, ಮೈ ತುರಿಸಿದರೆ, ಪಿತ್ತದ ಗಂಧೆ ಎದ್ದರೆ, ಬಸ್ಸಿನಲ್ಲಿ ವಾಂತಿ ಬಂದರೆ, ಕೊನೆಗೆ ರಾತ್ರಿ ನಿದ್ದೆ ಹತ್ತದಿದ್ದರೂ ನಮ್ಮ ಮನೆಗಳಲ್ಲಿ ನುಂಗುವ ಸಣ್ಣ ಗುಳಿಗೆ ಅದು. ಕ್ಲೋರ್‌ಫೆನಿರಮೈನ್, ಫೆನಿರಮೈನ್, ಡೈಫೆನ್‌ಹೈಡ್ರಮೈನ್, ಪ್ರೊಮೆಥಜೈನ್, ಹೈಡ್ರಾಕ್ಸಿಜೈನ್ ಅಂತ ಹೆಸರು ಬೇರೆ ಬೇರೆ. ಕುಲ ಒಂದೇ. ಇವೆಲ್ಲ ಹಳೆಯ ತಲೆಮಾರಿನ ಅಲರ್ಜಿ ಔಷಧಿಗಳು. ಅವಿಲ್, ಅಟರಾಕ್ಸ್, ಫೆನರ್ಗನ್ ಅಂದರೆ ನಿಮಗೆ ಬೇಗ ಗುರುತು ಸಿಗಬಹುದು.

ಜಮಖಂಡಿಯ ನನ್ನ ಔಷಧ ಅಂಗಡಿಗೆ "ಅಕ್ಕಾರ, ಒಂದು ಸೀನಿನ ಗುಳಿಗೆ ಕೊಡ್ರಿ" ಅಂತ ದಿನಾ ಬರುತ್ತಾರೆ. ಗಾಡಿ ಓಡಿಸುತ್ತೀರಾ, ವಯಸ್ಸೆಷ್ಟು, ಮೂತ್ರ ಸರಾಗವಾಗಿ ಹೋಗುತ್ತದಾ, ಬೇರೆ ಯಾವ ಗುಳಿಗೆ ನಡೆದಿದೆ ಅಂತ ನಾನು ಕೇಳುತ್ತೇನೆ. ಸೀನಿಗೂ ಮೂತ್ರಕ್ಕೂ ಏನು ಸಂಬಂಧ ಅಂತ ಕೆಲವರಿಗೆ ಸಿಟ್ಟು ಬರುತ್ತದೆ. ಸಂಬಂಧ ಇದೆ. ಪತ್ರ ಓದಿದರೆ ತಿಳಿಯುತ್ತದೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ನಾನು ಟ್ರ್ಯಾಕ್ಟರ್ ಡ್ರೈವರ್. ಹಂಗಾಮು ಶುರುವಾದರೆ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆದುಕೊಂಡು ರಾತ್ರಿ ಕಾರ್ಖಾನೆಗೆ ಹೋಗುತ್ತೇನೆ. ರವದಿಯ ಧೂಳಿಗೆ ಸೀನು ಹಿಡಿದರೆ ಬಿಡುವುದಿಲ್ಲ. ಸಂಜೆ ಒಂದು ಗುಳಿಗೆ ನುಂಗಿ ಕಡಕ್ ಚಹಾ ಕುಡಿದು ಹತ್ತುತ್ತೇನೆ. ನಿದ್ದೆಯೇನೂ ಬರುವುದಿಲ್ಲ. ಆದರೆ ಮೊನ್ನೆ ತಿರುವಿನಲ್ಲಿ ಎದುರಿನ ಬೈಕ್ ತೀರಾ ಹತ್ತಿರ ಬಂದ ಮೇಲೆ ಕಂಡಿತು. ಇದು ಗುಳಿಗೆಯಿಂದ ಆಗಿದ್ದಾ?
(ಮುಧೋಳ ತಾಲ್ಲೂಕು)

ಅಣ್ಣಾ, ಗುಳಿಗೆಯಿಂದ ಆಗಿರುವ ಸಾಧ್ಯತೆ ಬಹಳ ಇದೆ. "ನಿದ್ದೆಯೇನೂ ಬರುವುದಿಲ್ಲ" ಅಂತ ಬರೆದಿದ್ದೀರಲ್ಲ, ನನಗೆ ಹೆದರಿಕೆ ಆಗಿದ್ದು ಆ ಮಾತಿಗೇ. ಈ ಗುಳಿಗೆ ನುಂಗಿದವರಿಗೆ ತೂಕಡಿಕೆ ಬರದಿದ್ದರೂ ಚುರುಕು ಕಡಿಮೆಯಾಗಿರುತ್ತದೆ. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ತಡವಾಗುತ್ತದೆ. ತಡವಾಗುತ್ತಿದೆ ಅನ್ನುವುದು ಓಡಿಸುವವರಿಗೇ ಗೊತ್ತಾಗುವುದಿಲ್ಲ.

ಕಾರಣ ಹೇಳುತ್ತೇನೆ. ಮೂಗಿನಲ್ಲಿ ಸೀನು ತರಿಸುವ ಹಿಸ್ಟಮೈನ್ ಅನ್ನುವ ವಸ್ತು ಮಿದುಳಿನಲ್ಲೂ ಇದೆ. ಅಲ್ಲಿ ಅದರ ಕೆಲಸ ನಮ್ಮನ್ನು ಎಚ್ಚರವಾಗಿಡುವುದು. ಹಳೆಯ ಗುಳಿಗೆಗಳು ರಕ್ತದಿಂದ ಮಿದುಳಿನೊಳಗೆ ಸುಲಭವಾಗಿ ನುಗ್ಗುತ್ತವೆ. ಮೂಗಿನ ಸೀನನ್ನೂ ತಡೆಯುತ್ತವೆ, ಮಿದುಳಿನ ಎಚ್ಚರವನ್ನೂ ತಗ್ಗಿಸುತ್ತವೆ.

ಅಮೆರಿಕದ ಅಯೋವಾದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಅಲರ್ಜಿ ಇದ್ದ 40 ಮಂದಿಯನ್ನು ರಸ್ತೆಗೆ ಇಳಿಯದೆ ಕಾರು ಓಡಿಸಿ ನೋಡುವ ಸಿಮ್ಯುಲೇಟರ್ ಯಂತ್ರದಲ್ಲಿ ಕೂರಿಸಿದರು. ಒಮ್ಮೆ ಡೈಫೆನ್‌ಹೈಡ್ರಮೈನ್, ಒಮ್ಮೆ ಹೊಸ ತಲೆಮಾರಿನ ಫೆಕ್ಸೊಫೆನಡಿನ್, ಒಮ್ಮೆ ಮದ್ಯ, ಒಮ್ಮೆ ಔಷಧಿಯೇ ಇಲ್ಲದ ಹುಸಿ ಗುಳಿಗೆ ಕೊಟ್ಟರು. ಡೈಫೆನ್‌ಹೈಡ್ರಮೈನ್ ನುಂಗಿದಾಗ ಚಾಲನೆ ಮದ್ಯ ಕುಡಿದಾಗಿನದಕ್ಕಿಂತ ಕೆಟ್ಟದಾಗಿತ್ತು. ಕುಡಿಸಿದ್ದೂ ಸ್ವಲ್ಪವಲ್ಲ, 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 100 ಮಿಲಿಗ್ರಾಂ ಮದ್ಯ ಇರುವಷ್ಟು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ. ಕುಡಿದು ಸ್ಟೇರಿಂಗ್ ಹಿಡಿಯಬಾರದು ಅಂತ ನಾವೆಲ್ಲ ಒಪ್ಪುತ್ತೇವೆ ಅಲ್ವಾ, ಹಾಗಾದರೆ ಈ ಗುಳಿಗೆ ನುಂಗಿಯೂ ಹಿಡಿಯಬಾರದು. ಇನ್ನೊಂದು ಸಂಗತಿಯೂ ಅಲ್ಲಿ ಕಂಡಿತು. ಎಷ್ಟು ನಿದ್ದೆ ಬರುತ್ತಿದೆ ಅಂತ ಅವರನ್ನೇ ಕೇಳಿದರೆ, ಅವರ ಉತ್ತರಕ್ಕೂ ಓಡಿಸಿದ ರೀತಿಗೂ ಹೆಚ್ಚು ತಾಳೆಯಾಗಲಿಲ್ಲ. ಫೆಕ್ಸೊಫೆನಡಿನ್ ನುಂಗಿದವರು ಮಾತ್ರ ಹುಸಿ ಗುಳಿಗೆ ನುಂಗಿದವರಂತೆಯೇ ಓಡಿಸಿದರು.

ಚಹಾ ಕುಡಿದರೆ ಸರಿಹೋಗುತ್ತದೆ ಅನ್ನುವ ನಂಬಿಕೆ ಬಿಟ್ಟುಬಿಡಿ. ಚಹಾ ಕಣ್ಣು ತೆರೆಸಬಹುದು, ಮಿದುಳಿನಲ್ಲಿ ಕೂತ ಔಷಧಿಯನ್ನು ಹೊರಗೆ ಹಾಕುವುದಿಲ್ಲ. ಕ್ಲೋರ್‌ಫೆನಿರಮೈನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ದೊಡ್ಡವರಲ್ಲಿ ಸುಮಾರು 20 ಗಂಟೆ ಬೇಕು. ಸಂಜೆ 6ಕ್ಕೆ ನುಂಗಿದ್ದರಲ್ಲಿ ಅರ್ಧ ಮರುದಿನ ಮಧ್ಯಾಹ್ನವೂ ನಿಮ್ಮ ಮೈಯಲ್ಲೇ ಇರುತ್ತದೆ. ಡೈಫೆನ್‌ಹೈಡ್ರಮೈನ್ ತೆಗೆದುಕೊಂಡ ಪೈಲಟ್ 60 ಗಂಟೆ ಕಳೆಯುವ ತನಕ ವಿಮಾನ ನಡೆಸಬಾರದು ಅಂತ ಅಮೆರಿಕದ ವಿಮಾನಯಾನ ಆಡಳಿತದ ಸೂಚನೆ ಇದೆ. ಕಬ್ಬಿನ ಎರಡು ಟ್ರೇಲರ್ ಎಳೆಯುವವರ ಜೀವ, ಎದುರು ಬರುವ ಬೈಕಿನವರ ಜೀವ ಅದಕ್ಕಿಂತ ಕಡಿಮೆಯದಲ್ಲ.

ಹಾಗಂತ ಸೀನುತ್ತಾ ಓಡಿಸಿ ಅಂತ ಹೇಳುತ್ತಿಲ್ಲ. ಡಾಕ್ಟರ ಹತ್ತಿರ ಹೋಗಿ "ರಾತ್ರಿ ಗಾಡಿ ಓಡಿಸುವವನು, ನಿದ್ದೆ ತರದ ಗುಳಿಗೆ ಬರೆದುಕೊಡಿ" ಅಂತ ನೇರವಾಗಿ ಹೇಳಿ. ಫೆಕ್ಸೊಫೆನಡಿನ್, ಲೊರಾಟಡಿನ್, ಬಿಲಾಸ್ಟಿನ್ ಇಂಥವು ಮಿದುಳಿಗೆ ಹೋಗುವುದು ಬಹಳ ಕಡಿಮೆ. ಸೆಟ್ರಿಜಿನ್ ಕೂಡ ಹೊಸ ಗುಂಪಿನದೇ, ಆದರೆ ಅದು ನಡುವೆ ನಿಲ್ಲುತ್ತದೆ. ಪರೀಕ್ಷೆಗಳಲ್ಲಿ 10 ಮಿಲಿಗ್ರಾಂ ಸೆಟ್ರಿಜಿನ್ ತೆಗೆದುಕೊಂಡ ನೂರು ಜನರಲ್ಲಿ ಸುಮಾರು 14 ಮಂದಿಗೆ ತೂಕಡಿಕೆ ಬಂದಿತ್ತು, ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ ಸುಮಾರು 6 ಮಂದಿಗೆ. ಆದ್ದರಿಂದ ಚಾಲಕರಿಗೆ ನಾನು ಮೊದಲು ಸೆಟ್ರಿಜಿನ್ ಹೆಸರು ಹೇಳುವುದಿಲ್ಲ. ಯಾವ ಹೊಸ ಗುಳಿಗೆಯೇ ಆಗಲಿ, ಮೊದಲ ದಿನ ಗಾಡಿ ಇಲ್ಲದ ದಿನವೇ ನುಂಗಿ ನೋಡಿ. ಫೆಕ್ಸೊಫೆನಡಿನ್ ಬರೆದುಕೊಟ್ಟರೆ ನೀರಿನ ಜೊತೆಗೆ ನುಂಗಿ. ಕಿತ್ತಳೆ, ಸೇಬಿನ ರಸದ ಜೊತೆ ತೆಗೆದುಕೊಂಡರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಆಸಿಡಿಟಿಗೆ ಕುಡಿಯುವ ಬಿಳಿ ಔಷಧಿಯನ್ನೂ ಅದರ ಜೊತೆಗೇ ಕುಡಿಯಬೇಡಿ.

ಹಂಗಾಮಿನ ತಿಂಗಳುಗಟ್ಟಲೆ ಸೀನು ಇರುವುದಾದರೆ ಮೂಗಿಗೆ ಹೊಡೆಯುವ ಸ್ಟೆರಾಯ್ಡ್ ಸ್ಪ್ರೇ ಬಗ್ಗೆಯೂ ಕೇಳಿ. ಅದು ಒಂದೇ ದಿನಕ್ಕೆ ಫಲ ಕೊಡುವುದಿಲ್ಲ, ದಿನಾ ಹೊಡೆಯಬೇಕು. ಆದರೆ ಅದರಿಂದ ತೂಕಡಿಕೆ ಇಲ್ಲ. ಕಬ್ಬು ಹೇರುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ. ಕಾರ್ಖಾನೆ ಅಂಗಳದಲ್ಲಿ ಸರದಿ ಕಾಯುವಾಗ ಹರಟೆ ಬಿಟ್ಟು ಮಲಗಿಬಿಡಿ. ಕುಡಿಯುವ ಅಭ್ಯಾಸ ಇದ್ದರೆ, ಹಳೆಯ ಗುಳಿಗೆ ಮೈಯಲ್ಲಿದ್ದಾಗ ಒಂದು ಗುಟುಕೂ ಬೇಡ. ಎರಡೂ ಸೇರಿದರೆ ಮಂಪರು ಜಾಸ್ತಿಯಾಗುತ್ತದೆ, ಉಸಿರಾಟಕ್ಕೂ ತೊಂದರೆ ಆಗಬಹುದು.

ಮಾವನವರಿಗೆ 76 ವರ್ಷ. ನೆಗಡಿ ಅಂತ ದಿನಕ್ಕೆ ಮೂರು ಥಂಡಿ ಗುಳಿಗೆ, ಕೆಮ್ಮಿಗೆ ಸಿರಪ್ ಕೊಟ್ಟೆವು. ಎರಡನೇ ರಾತ್ರಿ ಎದ್ದು ಕುಳಿತು, ತೀರಿಹೋದ ಅಣ್ಣನನ್ನು ಹೆಸರು ಹಿಡಿದು ಕರೆಯತೊಡಗಿದರು. ಇಲ್ಲದ ನೂಲನ್ನು ಗಾಳಿಯಲ್ಲಿ ಎಳೆಯುತ್ತಿದ್ದರು. ಮನೆಗೆ ಬಂದ ನೆಂಟರು ಗಾಳಿ ಸೋಕಿದೆ ಅಂದರು. ಬೆಳಗಿನ ತನಕ ಮೂತ್ರ ಹೋಗಲಿಲ್ಲ, ಕಿಬ್ಬೊಟ್ಟೆ ಉಬ್ಬಿತು. ಆಸ್ಪತ್ರೆಯಲ್ಲಿ ನಳಿಕೆ ಹಾಕಿ ಮೂತ್ರ ತೆಗೆದರು. ಈಗ ಆರಾಮ ಇದ್ದಾರೆ. ಇದು ಮತ್ತೆ ಆಗದ ಹಾಗೆ ಏನು ಮಾಡಬೇಕು?
(ಇಳಕಲ್)

ತಂಗೀ, ಗಾಳಿ ಸೋಕಿದೆ ಅಂತ ಕಾಯುತ್ತಾ ಕೂರದೆ ಆಸ್ಪತ್ರೆಗೆ ಕರೆದುಕೊಂಡು ಹೋದಿರಲ್ಲ, ಅದೇ ಅವರನ್ನು ಉಳಿಸಿತು. ಮೂತ್ರ ಕಟ್ಟಿಕೊಂಡು ಹಾಗೇ ಬಿಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಹಳೆಯ ಅಲರ್ಜಿ ಗುಳಿಗೆ ಹಿಸ್ಟಮೈನನ್ನು ಮಾತ್ರ ತಡೆಯುವುದಿಲ್ಲ. ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ವಸ್ತುವನ್ನೂ ತಡೆಯುತ್ತದೆ. ಬಾಯಲ್ಲಿ ಜೊಲ್ಲು ಬರುವುದು, ಕರುಳು ಚಲಿಸುವುದು, ಮೂತ್ರಕೋಶ ಹಿಂಡುವುದು, ಕಣ್ಣು ಹತ್ತಿರದ್ದನ್ನು ಸರಿಯಾಗಿ ನೋಡುವುದು, ನೆನಪು ಉಳಿಯುವುದು, ಇಷ್ಟಕ್ಕೂ ಅದು ಬೇಕು. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರದ ದಾರಿ ಮೊದಲೇ ಇಕ್ಕಟ್ಟಾಗಿರುತ್ತದೆ. ಮೂತ್ರಕೋಶ ಬಲ ಹಾಕಿ ಹೇಗೋ ದೂಡುತ್ತಿರುತ್ತದೆ. ಈ ಗುಳಿಗೆ ಆ ಬಲವನ್ನೇ ತೆಗೆದುಬಿಡುತ್ತದೆ. ಥಂಡಿ ಗುಳಿಗೆಗಳಲ್ಲಿ ಮೂಗು ಬಿಡಿಸಲು ಫಿನೈಲೆಫ್ರಿನ್ ಅಂತ ಇನ್ನೊಂದು ಔಷಧಿಯೂ ಇರುತ್ತದೆ. ಅದು ಮೂತ್ರಕೋಶದ ಬಾಯನ್ನು ಬಿಗಿ ಮಾಡುತ್ತದೆ. ರಕ್ತದೊತ್ತಡವನ್ನೂ ಏರಿಸಬಹುದು. ಒಂದೇ ಗುಳಿಗೆಯಲ್ಲಿ ಎರಡು ಕಡೆಯಿಂದ ಅಡ್ಡಿ ಬಂತು.

ಇಲ್ಲದವರ ಜೊತೆ ಮಾತಾಡಿದ್ದು, ನೂಲು ಎಳೆದದ್ದು ಕೂಡ ಔಷಧಿಯಿಂದಲೇ ಬರುವ ಭ್ರಮೆ. ಮೂತ್ರ ಕಟ್ಟಿದ್ದೂ ಅದನ್ನು ಹೆಚ್ಚಿಸಿರುತ್ತದೆ. ವಯಸ್ಸಾದವರ ಮಿದುಳು ಇದನ್ನು ತಡೆದುಕೊಳ್ಳುವುದಿಲ್ಲ, ದೇಹ ಔಷಧಿಯನ್ನು ಬೇಗ ಹೊರಗೂ ಹಾಕುವುದಿಲ್ಲ. ಆರಾಮವಾಗಿದ್ದ ಅಜ್ಜ ಒಂದೆರಡು ದಿನದಲ್ಲಿ ತಬ್ಬಿಬ್ಬಾದರೆ, ಆ ವಾರ ಹೊಸದಾಗಿ ಏನು ನುಂಗಿದ್ದಾರೆ ಅಂತ ನೋಡಲೇಬೇಕು. ಡಾ. ಮಾರ್ಕ್ ಬಿಯರ್ಸ್ ಅನ್ನುವ ಅಮೆರಿಕದ ವೈದ್ಯರು 1991ರಲ್ಲಿ ವಯಸ್ಸಾದವರಿಗೆ ಕೊಡಬಾರದ ಔಷಧಿಗಳ ಪಟ್ಟಿ ಶುರು ಮಾಡಿದರು. ಅಲ್ಲಿನ ವೃದ್ಧರ ಆರೋಗ್ಯದ ವೈದ್ಯರ ಸಂಘ ಅದನ್ನು ಈಗಲೂ ಪರಿಷ್ಕರಿಸುತ್ತಿದೆ. 65 ದಾಟಿದವರು ಈ ಹಳೆಯ ಅಲರ್ಜಿ ಗುಳಿಗೆ ತಪ್ಪಿಸಬೇಕು ಅಂತ ಅದರಲ್ಲಿದೆ.

ಈಗ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಥಂಡಿ ಗುಳಿಗೆಯ ಸ್ಟ್ರಿಪ್, ಕೆಮ್ಮಿನ ಬಾಟಲಿ ಎರಡನ್ನೂ ತಂದು ಪಕ್ಕದಲ್ಲಿಡಿ. ದೊಡ್ಡ ಅಕ್ಷರದ ಹೆಸರು ಬಿಟ್ಟು, ಕೆಳಗಿನ ಸಣ್ಣ ಅಕ್ಷರ ಓದಿ. ಎರಡರಲ್ಲೂ ಕ್ಲೋರ್‌ಫೆನಿರಮೈನ್ ಇರುವ ಸಾಧ್ಯತೆ ಜಾಸ್ತಿ. ನೀವು ಬೇರೆ ಬೇರೆ ಔಷಧಿ ಅಂತ ಕೊಟ್ಟಿರುತ್ತೀರಿ, ಮಾವನವರ ಹೊಟ್ಟೆಗೆ ಒಂದೇ ಔಷಧಿ ಎರಡು ಪಾಲು ಹೋಗಿರುತ್ತದೆ. ನಮ್ಮ ಕಡೆ ನಾನು ಅತಿ ಹೆಚ್ಚು ನೋಡುವ ತೊಂದರೆ ಇದೇ. ಓದಲು ಬಾರದಿದ್ದರೆ ಅಂಗಡಿಗೆ ತನ್ನಿ, ಓದಿ ಹೇಳುವುದು ಔಷಧ ಅಂಗಡಿಯವರ ಕೆಲಸ. 1945ರ ಔಷಧ ನಿಯಮಗಳ 'ಜಿ' ಅನುಸೂಚಿಯಲ್ಲಿ ಈ ಜಾತಿಯ ಔಷಧಿಗಳಿವೆ. ವೈದ್ಯರ ನಿಗಾ ಇಲ್ಲದೆ ತೆಗೆದುಕೊಳ್ಳುವುದು ಅಪಾಯ ಅನ್ನುವ ಎಚ್ಚರಿಕೆಯನ್ನು ಅವುಗಳ ಮೇಲೆ ಅಚ್ಚು ಹಾಕಬೇಕು ಅಂತ ನಿಯಮ ಇದೆ. ಅಚ್ಚು ಇಂಗ್ಲಿಷಿನಲ್ಲಿ, ಅದೂ ಇರುವೆ ಗಾತ್ರದಲ್ಲಿ. ಕನ್ನಡದಲ್ಲಿ ಕಾಣುವಷ್ಟು ದೊಡ್ಡದಾಗಿ ಇರಬೇಕಿತ್ತು ಅನ್ನುವುದು ನನ್ನ ಬಹುಕಾಲದ ಬೇಸರ.

ಮಾವನವರ ಉಳಿದ ಔಷಧಿಗಳನ್ನೂ ಡಾಕ್ಟರಿಗೆ ತೋರಿಸಿ. ಹೊಟ್ಟೆ ಮುರಿತಕ್ಕೆ ಡೈಸೈಕ್ಲೊಮಿನ್, ನರದ ನೋವಿಗೆ ಅಮಿಟ್ರಿಪ್ಟಿಲಿನ್ ಇದ್ದರೆ ಅವೂ ಇದೇ ರೀತಿ ಅಸಿಟೈಲ್‌ಕೋಲಿನ್ ತಡೆಯುತ್ತವೆ. ಒಂದರ ಮೇಲೆ ಒಂದು ಸೇರಿ ಭಾರವಾಗುತ್ತದೆ. ಕಣ್ಣಿನ ಒತ್ತಡದ ಕಾಯಿಲೆ, ಅಂದರೆ ಗ್ಲಾಕೋಮಾ ಇದ್ದರೆ ಅದನ್ನೂ ಹೇಳಿ. ಇಂಥ ಗುಳಿಗೆ ನುಂಗಿದ ಮೇಲೆ ಕಣ್ಣು ಕೆಂಪಾಗಿ, ತಡೆಯಲಾಗದ ನೋವು ಬಂದು, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಮರುದಿನಕ್ಕೆ ತಳ್ಳಬೇಡಿ.

ಮುಂದಿನ ಸಲ ನೆಗಡಿ ಬಂದಾಗ ಮೂಗಿಗೆ ಉಪ್ಪುನೀರಿನ ಹನಿ, ಕುಡಿಯಲು ಬಿಸಿನೀರು, ಜ್ವರ ಇದ್ದರೆ ಬರೀ ಪ್ಯಾರಸಿಟಮಾಲ್ ಸಾಕು. ನೆಗಡಿ ವೈರಸ್ಸಿನಿಂದ ಬರುತ್ತದೆ, ಒಂದು ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಅಲರ್ಜಿ ಗುಳಿಗೆ ಅದನ್ನು ಬೇಗ ವಾಸಿ ಮಾಡುವುದಿಲ್ಲ. ನಿಜವಾಗಿ ಅಲರ್ಜಿಯೇ ಇದ್ದರೆ ಹೊಸ ಗುಂಪಿನ ಗುಳಿಗೆ ಇದೆ. ಆದರೆ ಮೂತ್ರಪಿಂಡ ದುರ್ಬಲ ಇದ್ದವರಿಗೆ ಸೆಟ್ರಿಜಿನ್ ಪ್ರಮಾಣ ಇಳಿಸಬೇಕಾಗುತ್ತದೆ, ಅದನ್ನು ಡಾಕ್ಟರೇ ಹೇಳಬೇಕು.

ಪವರ್‌ಲೂಮ್‌ನಲ್ಲಿ ಕೆಲಸ. ಹತ್ತಿಯ ಧೂಳಿಗೆ ಅವಿಲ್ ನುಂಗುತ್ತೇನೆ. ಬಾಯಿ ಒಣಗಿ ರೊಟ್ಟಿ ಇಳಿಯುವುದಿಲ್ಲ, ಸಂಡಾಸಿಗೂ ಸರಿಯಾಗಿ ಆಗುವುದಿಲ್ಲ.
(ರಬಕವಿ-ಬನಹಟ್ಟಿ)

ಎರಡಕ್ಕೂ ಕಾರಣ ಆ ಗುಳಿಗೆಯೇ. ಮೇಲಿನ ಉತ್ತರದಲ್ಲಿ ಹೇಳಿದ ಅಸಿಟೈಲ್‌ಕೋಲಿನ್ ಸಮಾಚಾರವೇ ಇದು. ನಿದ್ದೆ ತರದ ಗುಳಿಗೆಗೆ ಬದಲಾಯಿಸಿಕೊಂಡರೆ ಹೆಚ್ಚಿನವರಿಗೆ ಇದು ಕಡಿಮೆಯಾಗುತ್ತದೆ. ಅಲ್ಲಿಯ ತನಕ ನೀರನ್ನು ಗುಟುಕು ಗುಟುಕಾಗಿ ಆಗಾಗ ಕುಡಿಯಿರಿ, ಬಾಯಲ್ಲಿ ಒಂದು ಏಲಕ್ಕಿ ಇಟ್ಟುಕೊಳ್ಳಿ. ಗುಟ್ಕಾ, ತಂಬಾಕು ಬೇಡವೇ ಬೇಡ. ಪೆಪ್ಪರಮೆಂಟೂ ಬೇಡ, ಜೊಲ್ಲು ಕಡಿಮೆ ಇರುವ ಬಾಯಲ್ಲಿ ಸಕ್ಕರೆ ನಿಂತರೆ ಹಲ್ಲು ಬೇಗ ಹುಳುಕಾಗುತ್ತದೆ. ರೊಟ್ಟಿಯ ಜೊತೆ ಪುಂಡಿ ಪಲ್ಯ, ಮಡಿಕೆ ಕಾಳು, ಹಸಿ ಮೂಲಂಗಿ ಜಾಸ್ತಿ ಮಾಡಿ, ಮಜ್ಜಿಗೆ ಕುಡಿಯಿರಿ. ಓಡುವ ಮಗ್ಗದ ಪಕ್ಕ ನಿಲ್ಲುವವರು ನೀವು. ಬಾಯಿ ಒಣಗುವುದಕ್ಕಿಂತ ಕೈಯ ಚುರುಕು ತಗ್ಗುವುದರ ಬಗ್ಗೆ ನನಗೆ ಹೆಚ್ಚು ಚಿಂತೆ. ಮಗ್ಗದ ಹತ್ತಿರ ಹೋದಾಗಲೇ ಎದೆ ಬಿಗಿದು ಉಸಿರು ಕಟ್ಟುವ ಹಾಗಿದ್ದರೆ ಅದು ಬರೀ ಅಲರ್ಜಿ ಇರಲಿಕ್ಕಿಲ್ಲ, ಶ್ವಾಸಕೋಶ ಪರೀಕ್ಷೆ ಮಾಡಿಸಿ.

ನನ್ನ ಮಗನಿಗೆ ಎರಡೂವರೆ ವರ್ಷ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಅಳುತ್ತಾನೆ. ನೆಗಡಿ ಸಿರಪ್ ಐದು ಎಂಎಲ್ ಕೊಟ್ಟರೆ ಮಲಗುತ್ತಾನೆ ಅಂತ ಗೆಳತಿ ಹೇಳಿದಳು. ಕೊಡಬಹುದಾ?
(ಬೆಳಗಾವಿ)

ಕೊಡಬೇಡಿ. ಕಾಯಿಲೆ ಇಲ್ಲದ ಮಗುವಿಗೆ ಮಲಗಲಿ ಅಂತ ಔಷಧಿ ಹಾಕುವುದಕ್ಕೆ ನಾನು ಯಾವತ್ತೂ ಒಪ್ಪುವುದಿಲ್ಲ.

2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಒಂದು ಆದೇಶ ಕೊಟ್ಟರು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಹಾಗಂತ ಲೇಬಲ್ ಮೇಲೆ ಬರೆಯಬೇಕು ಅಂತ. 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ ಇನ್ನೂ ಮುಂದೆ ಹೋಗಿ, 2 ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಬೇಡ, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ ಸೂಚಿಸಿತು. ಪ್ರೊಮೆಥಜೈನ್‌ನಿಂದ ತೀರಾ ಚಿಕ್ಕ ಮಕ್ಕಳ ಉಸಿರಾಟ ನಿಂತು ಸಾವು ಆಗಿದ್ದಿದೆ. ಅದಕ್ಕೇ ಅಮೆರಿಕದಲ್ಲಿ 2004ರಿಂದ 2 ವರ್ಷದೊಳಗಿನವರಿಗೆ ಅದನ್ನು ಕೊಡಲೇಬಾರದು ಅಂತ ಕಟ್ಟುನಿಟ್ಟಿನ ಎಚ್ಚರಿಕೆ ಇದೆ. ಇನ್ನು ಕೆಲವು ಮಕ್ಕಳಲ್ಲಿ ಇದು ತದ್ವಿರುದ್ಧ ಕೆಲಸ ಮಾಡುತ್ತದೆ. ಮಲಗುವುದು ಬಿಟ್ಟು, ರಾತ್ರಿಯಿಡೀ ಕೆರಳಿ ಕುಣಿಯುತ್ತವೆ.

ಬಸ್ಸು ಹೊರಡುವ ಮುಂಚೆ ಸಂಜೆ ಚೆನ್ನಾಗಿ ಓಡಾಡಿಸಿ ಆಡಿಸಿ. ಹಗುರಾಗಿ ಉಣಿಸಿ. ಮನೆಯಲ್ಲಿ ಹೊದ್ದು ಮಲಗುವ ಅದೇ ಕೌದಿ ತೆಗೆದುಕೊಂಡು ಹೋಗಿ. ಹಗಲಿನ ರೈಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಸಿರಪ್ ಬಾಟಲಿಯನ್ನು ಮಗುವಿನ ಕೈಗೆ ಎಟುಕದಲ್ಲಿ ಇಡಿ, ಅದು ಸಿಹಿ ಇರುತ್ತದೆ. ಮಗು ಗೊತ್ತಿಲ್ಲದೆ ಕುಡಿದು ಮೈ ಬಿಸಿಯಾಗಿ ಕೆಂಪಾದರೆ, ಕಣ್ಣಿನ ಪಾಪೆ ಅಗಲವಾದರೆ, ಎದೆ ಜೋರಾಗಿ ಹೊಡೆದುಕೊಂಡರೆ, ಫಿಟ್ಸ್ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಇಷ್ಟೆಲ್ಲ ಆಗಲಿ ಅಂತ ಕಾಯುವುದೂ ಬೇಡ. ಬಾಟಲಿ ಖಾಲಿ ಕಂಡರೆ ಆಗಲೇ ಆಸ್ಪತ್ರೆಗೆ ಹೊರಡಿ. ವಾಂತಿ ಮಾಡಿಸಲು ಹೋಗಬೇಡಿ, ಬಾಟಲಿಯನ್ನು ಜೊತೆಗೆ ಒಯ್ಯಿರಿ.

ಪಿಡಿಒ ಪರೀಕ್ಷೆಗೆ ಓದುತ್ತಿದ್ದೇನೆ. ಎರಡು ತಿಂಗಳಿಂದ ಮೈಮೇಲೆ ಪಿತ್ತದ ಗಂಧೆ ಏಳುತ್ತವೆ. ಎದ್ದಾಗ ಹೈಡ್ರಾಕ್ಸಿಜೈನ್ 25 ನುಂಗುತ್ತೇನೆ. ತುರಿಕೆ ನಿಲ್ಲುತ್ತದೆ, ಆದರೆ ಮರುದಿನ ಮಧ್ಯಾಹ್ನದ ತನಕ ಓದಿದ್ದು ತಲೆಗೆ ಹತ್ತುವುದಿಲ್ಲ.
(ವಿಜಯಪುರ)

ನಿಮ್ಮ ತಲೆಗೆ ಏನೂ ಆಗಿಲ್ಲ, ಗಾಬರಿ ಬೇಡ. ಹೈಡ್ರಾಕ್ಸಿಜೈನ್ ಕೂಡ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ತೆಗೆದುಕೊಳ್ಳುತ್ತದೆ. ರಾತ್ರಿ 12ಕ್ಕೆ ನುಂಗಿ ಬೆಳಿಗ್ಗೆ 6ಕ್ಕೆ ಪುಸ್ತಕ ಹಿಡಿದರೆ ಔಷಧಿ ಇನ್ನೂ ಪೂರಾ ಕೆಲಸದಲ್ಲಿರುತ್ತದೆ.

ಆರು ವಾರ ದಾಟಿದ ಗಂಧೆಗೆ ವೈದ್ಯರು ಅನುಸರಿಸುವ ಪದ್ಧತಿ ಬೇರೆ ಇದೆ. ನಿದ್ದೆ ತರದ ಗುಳಿಗೆಯನ್ನು ದಿನಾ, ಗಂಧೆ ಏಳಲಿ ಬಿಡಲಿ, ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು. ಎದ್ದ ಮೇಲೆ ನುಂಗುವುದಕ್ಕಿಂತ ಏಳದ ಹಾಗೆ ತಡೆಯುವುದು ಸುಲಭ. ಎರಡರಿಂದ ನಾಲ್ಕು ವಾರಕ್ಕೂ ಹತೋಟಿಗೆ ಬರದಿದ್ದರೆ ಚರ್ಮದ ಡಾಕ್ಟರು ಅದೇ ಗುಳಿಗೆಯ ಪ್ರಮಾಣವನ್ನು ನಾಲ್ಕು ಪಟ್ಟಿನ ತನಕ ಏರಿಸಬಹುದು. ಹಳೆಯ ಗುಳಿಗೆಗೆ ಹೋಗುವುದಕ್ಕಿಂತ ಇದು ಮೇಲು ಅನ್ನುವುದು ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಾತು. ಆದರೆ ಏರಿಸುವುದು ಡಾಕ್ಟರ ಕೆಲಸ, ನೀವೇ ಎರಡು ಮೂರು ನುಂಗಬೇಡಿ. ತಲೆನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ನುಂಗುವ ಅಭ್ಯಾಸ ಇದ್ದರೆ ನಿಲ್ಲಿಸಿ ನೋಡಿ. ಕೆಲವರಿಗೆ ಅವೇ ಗಂಧೆಯನ್ನು ಹೆಚ್ಚಿಸುತ್ತವೆ.

ಡಾಕ್ಟರನ್ನು ನೋಡುವ ತನಕ ಹೈಡ್ರಾಕ್ಸಿಜೈನೇ ಗತಿ ಅಂತಾದರೆ, ನಡುರಾತ್ರಿಯ ಬದಲು ಸಂಜೆ ಊಟದ ಹೊತ್ತಿಗೆ ತೆಗೆದುಕೊಳ್ಳಿ. ಬೆಳಗಿನ ಮಂಪರು ಸ್ವಲ್ಪ ಕಡಿಮೆಯಾದೀತು. ಹೃದಯದ ಬಡಿತದ ತೊಂದರೆ ನಿಮಗೆ ಅಥವಾ ಮನೆಯವರಿಗೆ ಇದ್ದರೆ ಮಾತ್ರ ಇದನ್ನು ಕೇಳದೆ ನುಂಗಬೇಡಿ. ಮುಂದೆ ಸೆಟ್ರಿಜಿನ್ ಅಥವಾ ಲಿವೊಸೆಟ್ರಿಜಿನನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಒಂದೇ ಏಟಿಗೆ ಬಿಡುವ ಮುಂಚೆಯೂ ಡಾಕ್ಟರನ್ನು ಕೇಳಿ. ಹಾಗೆ ಬಿಟ್ಟ ಕೆಲವೇ ಕೆಲವರಿಗೆ ಮೈತುಂಬ ಜೋರು ತುರಿಕೆ ಬಂದದ್ದನ್ನು 2025ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿದೆ.

ತುಟಿ, ನಾಲಿಗೆ ಊದಿಕೊಂಡು ಉಸಿರು ಕಟ್ಟಿದರೆ ಯಾವ ಗುಳಿಗೆಗೂ ಕಾಯಬೇಡಿ. ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ಸೀದಾ ಆಸ್ಪತ್ರೆಗೆ ಹೋಗಿ.

ಮದುವೆ ಗೊತ್ತಾಗಿದೆ. ಸಣಕಲು ಅಂತ ಎಲ್ಲರೂ ಅನ್ನುತ್ತಾರೆ. ಮೈ ತುಂಬುವ ಗುಳಿಗೆ ಅಂತ ಒಬ್ಬರು ಕೊಟ್ಟಿದ್ದಾರೆ. ಹಸಿವು ಬಹಳ, ನಿದ್ದೆಯೂ ಬಹಳ.
(ಗೋಕಾಕ)

ಮಗಳೇ, ಅದು ಸೈಪ್ರೊಹೆಪ್ಟಡಿನ್ ಇರಬಹುದು. ಅದೂ ನಿದ್ದೆ ತರುವ ಅಲರ್ಜಿ ಗುಳಿಗೆಯೇ. ಹಸಿವು ಹೆಚ್ಚಿಸುವುದು ಅದರ ಅಡ್ಡಪರಿಣಾಮ. ಬಿಟ್ಟ ಮೇಲೆ ಹಸಿವು ಇಳಿಯುತ್ತದೆ, ಬಂದ ತೂಕವೂ ಹೋಗುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಟ್ಟಿದ್ದರೆ ಇನ್ನೂ ಅಪಾಯ. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು. ಮುಖ ಉಬ್ಬಿದ್ದರೆ, ವಾರಗಟ್ಟಲೆ ತಿಂದಿದ್ದರೆ ತಟ್ಟನೆ ಬಿಡಬೇಡ. ಪೊಟ್ಟಣ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗು. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸು. ಜನ ಅನ್ನುವುದನ್ನು ಅನ್ನಲಿ, ಆರೋಗ್ಯ ನಿನ್ನದು.

ನಾನು ಮೂರು ತಿಂಗಳ ಬಸುರಿ. ವಾಂತಿಗೆ ಡಾಕ್ಟರು ಡಾಕ್ಸಿಲಮೈನ್ ಬರೆದಿದ್ದಾರೆ. ತೂಕಡಿಕೆ ಬರುತ್ತದೆ. ಅಲರ್ಜಿ ಗುಳಿಗೆ ಅಂತ ಗೊತ್ತಾದ ಮೇಲೆ ಹೆದರಿ ಬಿಟ್ಟಿದ್ದೇನೆ.
(ಅಥಣಿ)

ಬಿಡಬೇಕಾಗಿರಲಿಲ್ಲ ತಾಯಿ. ನಿದ್ದೆ ತರುತ್ತದೆ ಅಂದ ಮಾತ್ರಕ್ಕೆ ಈ ಗುಂಪಿನ ಎಲ್ಲ ಔಷಧಿಯೂ ಎಲ್ಲರಿಗೂ ಬೇಡದ್ದಲ್ಲ. ಬಿ6 ವಿಟಮಿನ್ ಜೊತೆ ಡಾಕ್ಸಿಲಮೈನ್ ಬಸುರಿಯರ ವಾಂತಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ, ಚೆನ್ನಾಗಿ ಪರೀಕ್ಷೆಯಾದ ಔಷಧಿ. ಸಾಮಾನ್ಯವಾಗಿ ರಾತ್ರಿ ಮಲಗುವಾಗ ಕೊಡುತ್ತಾರೆ. ಗುಳಿಗೆಯನ್ನು ಮುರಿಯದೆ, ಅಗಿಯದೆ ನುಂಗಬೇಕು. ಸ್ಕೂಟಿ ಮಾತ್ರ ಓಡಿಸಬೇಡಿ. ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದೆ ಮೂತ್ರ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಅಣೆಕಟ್ಟಿನ ನೀರಿಗೆ ಊರು ಮುಳುಗಡೆಯಾಗಿ ನವನಗರಕ್ಕೆ ಬಂದ ಮೇಲೆ ನನಗೆ ನಿದ್ದೆಯೇ ಸರಿಯಿಲ್ಲ. ದಿನಾ ರಾತ್ರಿ ಒಂದು ಅವಿಲ್ ನುಂಗಿ ಮಲಗುತ್ತೇನೆ. ವರ್ಷಗಳಾದವು. ಈಗ ಎರಡು ನುಂಗಿದರೂ ನಿದ್ದೆ ಇಲ್ಲ. ನಿದ್ದೆ ಗುಳಿಗೆಯಂತೂ ಅಲ್ವಲ್ಲ, ಅದಕ್ಕೇ ಧೈರ್ಯ. ನನಗೆ 67.
(ಬಾಗಲಕೋಟೆ)

ಅಕ್ಕಾ, ಊರು, ಅಂಗಳ, ನೆರೆಯವರನ್ನೆಲ್ಲ ನೀರಿಗೆ ಬಿಟ್ಟು ಬಂದವರ ನಿದ್ದೆ ಕೆಡುವುದು ಸಹಜ. ಅದನ್ನು ಸುಮ್ನೆ ವಯಸ್ಸಿನ ಮೇಲೆ ಹಾಕಿಬಿಡುವುದು ನನಗೆ ಇಷ್ಟವಿಲ್ಲ.

ಆದರೆ ಆ ಧೈರ್ಯ ಸರಿಯಲ್ಲ. ಈ ಗುಳಿಗೆಯ ನಿದ್ದೆ ತರುವ ಗುಣಕ್ಕೆ ದೇಹ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಅದಕ್ಕೇ ನಿಮಗೆ ಎರಡೂ ಸಾಲುತ್ತಿಲ್ಲ. ಬಾಯಿ ಒಣಗುವುದು, ಮಲ ಕಟ್ಟುವುದು, ಬೆಳಿಗ್ಗೆ ಎದ್ದಾಗ ಕಾಲು ತಡವರಿಸುವುದು ಮಾತ್ರ ಉಳಿದುಬಿಡುತ್ತವೆ. ರಾತ್ರಿ ಬಚ್ಚಲಿಗೆ ಎದ್ದು ಬಿದ್ದು ತೊಡೆಯ ಮೂಳೆ ಮುರಿದುಕೊಂಡವರನ್ನು ನಾನು ಬಲ್ಲೆ. ಸಿಯಾಟಲ್‌ನಲ್ಲಿ 65 ದಾಟಿದವರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಬಂತು. ಅಸಿಟೈಲ್‌ಕೋಲಿನ್ ತಡೆಯುವ ಔಷಧಿಗಳನ್ನು ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ತೆಗೆದುಕೊಂಡವರಲ್ಲಿ ಮರೆವಿನ ಕಾಯಿಲೆ ಹೆಚ್ಚು ಕಂಡಿತು. ಗುಳಿಗೆಯಿಂದಲೇ ಮರೆವು ಬಂತು ಅಂತ ಅದು ಸಾಬೀತು ಮಾಡುವುದಿಲ್ಲ, ಆದರೆ ಸುಮ್ಮಸುಮ್ಮನೆ ನುಂಗುವುದನ್ನು ನಿಲ್ಲಿಸಲು ನನಗೆ ಅಷ್ಟು ಸಾಕು.

ಡಾಕ್ಟರಿಗೆ ಹೇಳಿ ಮೆಲ್ಲಗೆ ಇಳಿಸಿ. ಎರಡರಿಂದ ಒಂದಕ್ಕೆ, ಒಂದು ವಾರ ಹತ್ತು ದಿನ ಬಿಟ್ಟು ಅರ್ಧಕ್ಕೆ, ಆಮೇಲೆ ಪೂರ್ತಿ ಬಿಡುವುದು. ಬಿಟ್ಟ ಮೊದಲ ಕೆಲವು ರಾತ್ರಿ ನಿದ್ದೆ ಇನ್ನೂ ಕೆಡಬಹುದು, ಅದು ತಾತ್ಕಾಲಿಕ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗಬೇಡಿ. ಮಧ್ಯಾಹ್ನದ ಮೇಲೆ ಚಹಾ ಬಿಡಿ. ಹಾಸಿಗೆಯಲ್ಲಿ ನಿದ್ದೆ ಹತ್ತದಿದ್ದರೆ ಹೊರಳಾಡುತ್ತಾ ಇರಬೇಡಿ. ಎದ್ದು ಬಂದು ಕೂತು, ಕಣ್ಣು ಎಳೆದಾಗ ಮಾತ್ರ ಹೋಗಿ. ಬಚ್ಚಲ ದಾರಿಗೆ ಒಂದು ಸಣ್ಣ ದೀಪ ಇರಲಿ. ಗೊರಕೆ ಜೋರಾಗಿದ್ದರೆ, ಕಾಲು ಸೆಳೆಯುತ್ತಿದ್ದರೆ, ಅಥವಾ ಮನಸ್ಸು ಸದಾ ಭಾರವಾಗಿ ಯಾವುದೂ ಬೇಡ ಅನ್ನಿಸುತ್ತಿದ್ದರೆ ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಅವಕ್ಕೆಲ್ಲ ಬೇರೆ ಚಿಕಿತ್ಸೆ ಇದೆ. ಇಳಿಸುವ ದಿನಗಳಲ್ಲಿ ಹೇಗಾಯಿತು ಅಂತ ನನಗೆ ಬರೆಯಿರಿ. ಈ ಪುಟದಲ್ಲಿ ಜಾಗ ಇಲ್ಲದಿದ್ದರೂ ನಿಮ್ಮ ವಿಳಾಸಕ್ಕೆ ಉತ್ತರ ಕಳಿಸುತ್ತೇನೆ.